‘ಬಾಗಿಲು’ ಪದದ ನಡುವೆ ಒಂದು ಉಸಿರು

ನಮ್ಮ ಚಿಕ್ಕಮ್ಮ ಟ್ರ್ಯಾಕ್ ಹಾಡುತ್ತಿದ್ದವಳು. ಅಂದರೆ, ಹೆಸರಾಂತ ಗಾಯಕಿ ಸ್ಟುಡಿಯೋಗೆ ಬರುವ ಮೊದಲೇ ಹೋಗಿ ಹಾಡಿಟ್ಟು ಬರುವುದು. ಗಾಯಕಿ ಅದನ್ನು ಕೇಳಿ ಕಲಿತು ಹಾಡಿದ ಮೇಲೆ ಚಿಕ್ಕಮ್ಮನ ದನಿಯನ್ನು ಅಳಿಸಿಬಿಡುತ್ತಿದ್ದರು. ಇದಕ್ಕೆ ಅವಳೆಂದೂ ಗೊಣಗಿದವಳಲ್ಲ. ಗೊಣಗುವ ಇಲಾಖೆಯೆಲ್ಲ ಚಿಕ್ಕಪ್ಪನದು.

ಒಂದು ದಿನ ಸ್ಟುಡಿಯೋದ ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತಿ ಬಂದವಳು ಏದುಸಿರು ಬಿಡುತ್ತಲೇ ಮೈಕಿನ ಮುಂದೆ ನಿಂತಳು. ಎರಡನೇ ಚರಣದಲ್ಲಿ ಉಸಿರು ಸಾಲದೆ ‘ಬಾಗಿಲು’ ಎಂಬ ಪದ ನಡುವೆಯೇ ಮುರಿಯಿತು. ‘ಬಾಗಿ’ ಎಂದು ನಿಂತು, ಉಸಿರೆಳೆದುಕೊಂಡು, ಆಮೇಲೆ ‘ಲು’ ಎಂದಳು.

"ಇನ್ನೊಂದ್ ಸಲ ಹಾಡ್ಬಿಡಮ್ಮ," ಎಂದರು ಗಾಜಿನಾಚೆ ಕೂತಿದ್ದ ಸಂಗೀತ ನಿರ್ದೇಶಕರು.

ಚಿಕ್ಕಮ್ಮ ಆಗಲೇ ಬ್ಯಾಗು ಹೆಗಲಿಗೇರಿಸಿದ್ದಳು. "ಟ್ರ್ಯಾಕ್ ತಾನೇ ಸಾರ್? ಮೇಡಂ ಸರಿಯಾಗಿ ಹಾಡ್ಕೋತಾರೆ ಬಿಡಿ."

ಮೇಡಂ ಕೇಳಿದ್ದನ್ನು ಕೇಳಿದ ಹಾಗೆಯೇ ಹಾಡಿದರು, ಉಸಿರಿನ ಸಮೇತ. ಹಾಡು ಮನೆಮಾತಾಯಿತು. ಆ ಒಂದು ಪದದಲ್ಲಿ ಎಂಥ ಗದ್ಗದ, ಎಂಥ ಭಾವ ಎಂದು ಜನ ಕೊಂಡಾಡಿದ್ದೇ ಕೊಂಡಾಡಿದ್ದು. ವರ್ಷಗಳ ಮೇಲೆ ಗಿಟಾರ್ ಹಿಡಿದ ಹುಡುಗನೊಬ್ಬ ಅದನ್ನೇ ನಿಧಾನವಾಗಿ ಹಾಡಿದ. ಅವನೂ ಅಲ್ಲೇ ನಿಂತ. ಕುಣಿಯುವವರಿಗೆಂದು ರೀಮಿಕ್ಸ್ ಬಂತು, ಅದರಲ್ಲಿ ಆ ಉಸಿರನ್ನೇ ಪದೇ ಪದೇ ತಿರುಗಿಸಿದ್ದರು. ಕೊನೆಗೆ ಕೊಳಲಿನವರೊಬ್ಬರು ನುಡಿಸಿದರು. ಪದವೇ ಇಲ್ಲದ ಕೊಳಲಿಗೆ ಎಲ್ಲಿಯ ಬಾಗಿಲು? ಪುಣ್ಯಾತ್ಮರು ಅಲ್ಲೇ ತಡೆದು ನಿಂತರು! ನಾವೆಲ್ಲ ತಲೆದೂಗುತ್ತಿದ್ದರೆ ಚಿಕ್ಕಮ್ಮ ಎದ್ದು ಒಳಗೆ ಹೋಗಿ ಮಿಕ್ಸಿ ಹಾಕುತ್ತಿದ್ದಳು. ಅವಳಿಗೆ ಆ ಹಾಡು ಹಿಡಿಸುವುದಿಲ್ಲ ಅಂದುಕೊಂಡಿದ್ದೆವು. ಅದು ನಾಚಿಕೆ ಎಂದು ನಮಗೇನು ಗೊತ್ತು.

ಅವಳ ಮಗಳು ಕಾಲೇಜಿನ ಸ್ಪರ್ಧೆಗೆ ಅದೇ ಹಾಡನ್ನು ಆರಿಸಿಕೊಂಡಳು. ಚಿಕ್ಕಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದಳು. ಆ ಪದವನ್ನು ಮಾತ್ರ ಹಠ ಹಿಡಿದು ಒಂದೇ ಉಸಿರಿನಲ್ಲಿ ಹಾಡಿಸಿದಳು. ಒಬ್ಬಳ ಬಾಯಲ್ಲಾದರೂ ಅದು ಸರಿಹೋಗಲಿ ಎಂದು ಅವಳ ಆಸೆ.

ಸ್ಪರ್ಧೆ ಮುಗಿಸಿ ಬಂದ ಮಗಳು ಚಪ್ಪಲಿಯನ್ನು ಮೂಲೆಗೆಸೆದಳು. "ಹಾಡಿನ ಜೀವ ಇರೋದೇ ಆ ಗದ್ಗದದಲ್ಲಿ, ಅದನ್ನೇ ನುಂಗಿಹಾಕಿದ್ಯಲ್ಲಮ್ಮ ಅಂದ್ರು ಜಡ್ಜು, ಎಲ್ಲರ ಎದುರಿಗೇ! ಯಾಕಮ್ಮ ತಪ್ಪು ಹೇಳ್ಕೊಟ್ಟೆ?"

ಚಿಕ್ಕಮ್ಮನ ಮುಖ ಸಣ್ಣದಾಯಿತು. "ಗದ್ಗದನೂ ಅಲ್ಲ, ಮಣ್ಣೂ ಅಲ್ಲ ಕಣೇ. ನಂಗೆ ಉಸಿರು ಸಾಲ್ಲಿಲ್ಲ, ಅಷ್ಟೇ," ಎಂದು ಲಿಫ್ಟು, ಮೆಟ್ಟಿಲು, ಹೆಗಲ ಮೇಲಿನ ಬ್ಯಾಗು ಎಲ್ಲವನ್ನೂ ಹೇಳಿದಳು. ಮಗಳು ನಂಬಲಿಲ್ಲ. ಆಗ ಆ ಸಾಲನ್ನು ಮೆಲ್ಲಗೆ ಹಾಡಿ ತೋರಿಸಿದಳು. ನಾನೂ ಅಲ್ಲೇ ಇದ್ದೆ. ಇಷ್ಟು ವರ್ಷ ನಾವು ತಲೆದೂಗಿದ್ದು ಈ ಉಸಿರಿಗೇ.

ಮಗಳ ಸಿಟ್ಟು ಇಳಿದಿತ್ತು. "ಇನ್ನೊಂದ್ ಸಲ ಹಾಡೋಕೆ ಏನಾಗಿತ್ತಮ್ಮ ನಿಂಗೆ?"

"ಬಸ್ಸು ತಪ್ಪಿಹೋಗತ್ತೆ ಅಂತ," ಎಂದಳು ಚಿಕ್ಕಮ್ಮ ತಲೆಯೆತ್ತದೆ. ಆಮೇಲೆ, ಯಾರೂ ಕೇಳದಿದ್ದರೂ, "ಅದೂ ಸಿಗ್ಲಿಲ್ಲ," ಎಂದಳು.