ಅವ್ವನ ಕೋಳಿ, ನನ್ನ ಲಸಿಕೆ

ಹಕ್ಕಿಜ್ವರದ ಸುದ್ದಿ ಎಲ್ಲರ ಬಾಯಲ್ಲೂ ಇದ್ದ ಕಾಲ. ಅದೆಲ್ಲಾದರೂ ಮನುಷ್ಯರಿಂದ ಮನುಷ್ಯರಿಗೆ ಹರಡಿದರೆ ಲಸಿಕೆ ಸಿದ್ಧವಿರಬೇಕೆಂದು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ತಯಾರಿ ನಡೆದಿತ್ತು. ನನಗೆ ಅಲ್ಲಿ ಕೆಲಸ ಸಿಕ್ಕಿತ್ತು. ಲಸಿಕೆಗೆ ಬೇಕಾದ ವೈರಸ್ಸನ್ನು ಬೆಳೆಸುವುದು ಕಾವು ಕೊಟ್ಟ ಕೋಳಿಮೊಟ್ಟೆಯೊಳಗೆ. ಮೊಟ್ಟೆಯನ್ನು ದೀಪಕ್ಕೆ ಹಿಡಿದು ಒಳಗೆ ಜೀವವಿದೆಯೇ ಎಂದು ನೋಡುವುದು ನನ್ನ ಪಾಲಿನ ಕೆಲಸ. ಮೊದಲ ದಿನವೇ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿಬಿಟ್ಟೆ. ತೆಂಗಿನ ಸೀಮೆಯ ಅರಳಗುಪ್ಪೆಯಲ್ಲಿ ಹುಟ್ಟಿದವಳ ಕೈ ಅದು; ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಯಿತೇ ಎಂದು ನಾವು ನೋಡುವುದು ಹಾಗೆಯೇ. ಮೇಲಧಿಕಾರಿಗಳು ನಕ್ಕು ಆ ಮೊಟ್ಟೆಯನ್ನು ಬದಿಗಿಟ್ಟರು.

ಅಲ್ಲಿ ಕೆಲಸ ಮಾಡುವವರು ಕೋಳಿಯ ಹತ್ತಿರ ಸುಳಿಯುವ ಹಾಗಿರಲಿಲ್ಲ, ಕೋಳಿ ಸಾಕಿದ ಮನೆಗೂ ಹೋಗುವ ಹಾಗಿರಲಿಲ್ಲ. ಹೊರಗಿನ ರೋಗ ಒಳಗೆ ಬಂದರೆ ಮಾಡಿದ್ದೆಲ್ಲ ಹಾಳು. ನಮ್ಮದೋ ಊರಾಚೆಯ ತೋಟದ ಮನೆ. ಮನೆ ತುಂಬ ಜನರಿದ್ದರೂ ಅವ್ವ ಮನಸ್ಸಿನ ಮಾತು ಹೇಳಿಕೊಳ್ಳುತ್ತಿದ್ದುದು ಕೋಳಿಗಳ ಹತ್ತಿರ. ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯಿತೆನ್ನುವ ಗಾದೆಯ ಮುದುಕಿ ಇವಳೇ ಎಂದು ನಾವು ರೇಗಿಸುತ್ತಿದ್ದೆವು. ಮುಂಜಾನೆ ತೆಂಗಿನ ಬುಡದಲ್ಲಿ ರಾಗಿ ಎರಚುತ್ತಾ ಬಾಬಾಬಾ ಎಂದು ಕರೆಯುತ್ತಿದ್ದ ಅವಳ ದನಿ ನೆನೆದರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ಯುಗಾದಿಗೆ ಬರಲಾಗದು, ಹೀಗ್ಹೀಗೆ ಎಂದು ಅವ್ವನಿಗೆ ಫೋನಿನಲ್ಲಿ ಹೇಳಿದೆ.

"ಔಷ್ದಿ ಮಾಡೋದೂ ಕೋಳಿ ಮೊಟ್ಟೇಲೇ, ದೂರ ಇಡೋದೂ ಕೋಳೀನೇ. ಚೆನ್ನಾಗೈತೆ ಕಣೇ ನಿಮ್ ನ್ಯಾಯ."

"ಕೋಳಿಗಳ್ನ ಕಂದಿಕೆರೆ ಚಿಕ್ಕವ್ವನ ಮನೆಗೆ ಕಳಿಸ್ಬುಡವ್ವ."

"ಒಂದು ಕಾವಿಗೆ ಕೂತೈತೆ. ಕಾವಿಗೆ ಕೂತಿದ್ದನ್ನ ಎಬ್ಬಿಸ್ಬಾರ್ದು," ಎಂದು ಫೋನ್ ಇಟ್ಟಳು.

ಹೆತ್ತ ಮಗಳಿಗಿಂತ ಕೋಳಿ ಹೆಚ್ಚಾಯಿತೇ ಎಂದು ನನಗೂ ಸಿಟ್ಟು ಬಂತು. ಆ ಯುಗಾದಿ ನನಗೆ ಬರೀ ಬೇವು.

ಗೌರಿಹಬ್ಬದ ಹೊತ್ತಿಗೆ ಅಣ್ಣ ಫೋನ್ ಮಾಡಿದ. ಮರಿಗಳು ಬಲಿತ ಮೇಲೆ ಅವ್ವ ಎಲ್ಲವನ್ನೂ ತಾನೇ ಮಂಕರಿಯಲ್ಲಿ ಹೊತ್ತು ಕಂದಿಕೆರೆಗೆ ಬಿಟ್ಟು ಬಂದಿದ್ದಳಂತೆ. ಕೂಡಲೇ ಬಸ್ಸು ಹತ್ತಿದೆ.

ಅಂಗಳ ಸಾರಿಸಿತ್ತು. ಒಂದು ಗರಿಯೂ ಕಾಣಲಿಲ್ಲ. ಜಗಲಿಯ ಮೇಲೆ ನಿಂತಿದ್ದ ಅವ್ವನ ಕಾಲಿಗೆ ಬೀಳಲು ಹೋದರೆ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಇನ್ನೂ ಕೋಪವೇನೋ ಎಂದುಕೊಂಡೆ. ಅವಳು ಎರಡೂ ಕೈಗಳನ್ನು ಸೆರಗಿಗೆ ಒರೆಸಿಕೊಂಡು ಅಂಗೈ ತೋರಿಸಿದಳು.

"ಕೋಳಿ ಮುಟ್ಟಿ ಬಾಳ ದಿನ ಆಯ್ತು ಕಣವ್ವ. ಸೋಪ್ ಹಾಕಿ ತೊಳ್ದಿದೀನಿ. ಈಗ ನಿನ್ನ ಮುಟ್ಬೌದಾ?"