ತಗ್ಗಿನ ಕಿಟಕಿಗಳು

ಆಗೆಲ್ಲ ಹಲಸೂರಿನ ನಮ್ಮ ಬೀದಿಗೆ ಕಾರು ಬಂದರೆ, ಯಾರ ಮನೆಯ ನೆಂಟರೆಂದು ನೋಡಲು ಹೆಂಗಸರು ಬಾಗಿಲಿಗೆ ಬರುತ್ತಿದ್ದರು. ನಾನು ಮೂರನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ನಮ್ಮ ಬಾಗಿಲಿಗೇ ಒಂದು ಗಾಡಿ ಬಂತು. ಅಪ್ಪ ಕೊಂಡು ತಂದ, ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ವ್ಯಾನು. ದಂಡು ಪ್ರದೇಶದ ಬೇಕರಿಯೊಂದರ ಬ್ರೆಡ್ಡು ಹೊತ್ತು ಸವೆದಿತ್ತು. ಹಿಂಭಾಗಕ್ಕೆ ಕಿಟಕಿಯೇ ಇರಲಿಲ್ಲ. ಎಷ್ಟು ತೊಳೆದರೂ ಒಳಗೆ ಬನ್ನಿನ ವಾಸನೆ.

ಅಪ್ಪ ಶಿವಾಜಿನಗರದಲ್ಲಿ ತಗಡಿನ ಟ್ರಂಕು ಮಾಡುತ್ತಿದ್ದರು. ಅಮ್ಮನಿಗೆ ಕಾಯಿಲೆ, ಬಸ್ಸು ಹತ್ತಲಾಗುತ್ತಿರಲಿಲ್ಲ. ಭಾನುವಾರ ಭಾನುವಾರ ಅವಳನ್ನು ಕೃಷ್ಣರಾಜಪುರದ ತವರಿಗೆ ಕರೆದೊಯ್ಯಬೇಕು, ದಾರಿಯುದ್ದಕ್ಕೂ ಅವಳಿಗೆ ಹೊರಗಿನದು ಕಾಣಬೇಕು ಎಂಬುದು ಅಪ್ಪನ ಹಟ. ಅವಳನ್ನು ವ್ಯಾನಿನ ತಳದ ಮೇಲೆ ಕೂರಿಸಿ, ಕಣ್ಣಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಎರಡೂ ಪಕ್ಕದ ತಗಡು ಕತ್ತರಿಸಿ ಗಾಜು ಕೂರಿಸಿದರು. ಟ್ರಂಕು ಮಾಡುವವರ ಅಳತೆ ತಳದಿಂದಲೇ ಶುರು. ಆಮೇಲೆ ಸೀಟು ಹೊಲಿಯುವ ರಹೀಂ ಚಾಚಾ, ತೆಂಗಿನ ನಾರು ತುಂಬಿದ ಸೀಟು ತಂದು ಹಾಕಿದರು. ಅದರ ಮೇಲೆ ಕೂತರೆ ಕಿಟಕಿ ಎದೆಯಿಂದ ಕೆಳಗೆ ಉಳಿಯಿತು.

"ಏನ್ ಭಾಯ್, ಗಾಡಿನಾ ಕೋಳಿ ಗೂಡಾ?" ಎಂದು ಚಾಚಾ ನಕ್ಕರು. ಅಪ್ಪ ನಗಲಿಲ್ಲ.

"ಇರ್ಲಿ ಬಿಡ್ರೀ, ಮಲ್ಕೊಂಡೇ ನೋಡ್ತೀನಿ," ಅಂದಳು ಅಮ್ಮ.

ತಿಂಗಳೊಳಗೆ ಅವಳಿಗೆ ಕೂರುವುದೂ ಆಗದಾಯಿತು. ಸೀಟಿನ ಮೇಲೆ ಮಲಗಿದರೆ ಗಾಜು ಸರಿಯಾಗಿ ಅವಳ ಕಣ್ಣಿಗೆ ಬರುತ್ತಿತ್ತು. ಅದೇ ಸೀಟಿನ ತುದಿಯಲ್ಲಿ ಅವಳ ಕಾಲ ಬಳಿ ಕೂತ ನನಗೆ ಎದುರಿಗೆ ಬರೀ ತಗಡು.

"ಅಗೋ, ಒಬ್ಬ ಸ್ಕೂಟರಲ್ಲಿ ಮೇಕೆಮರಿ ಕೂರಿಸ್ಕೊಂಡು ಹೋಗ್ತಾವ್ನೆ. ಮರಿ ನನ್ನೇ ನೋಡ್ತೈತೆ."

"ಯಾವ ಬಣ್ಣಮ್ಮ?"

"ಕರೀದು. ಕಿವಿ ಮಾತ್ರ ಬಿಳಿ."

ನಾನು ಬಗ್ಗಿ ನೋಡುತ್ತಿರಲಿಲ್ಲ. ಅವಳ ಬಾಯಲ್ಲಿ ಕೇಳುವುದೇ ಚೆನ್ನಾಗಿತ್ತು.

ಸ್ಕೂಲು ಶುರುವಾಗುವುದಕ್ಕೆ ಮುಂಚಿನ ಭಾನುವಾರ ಅವಳು ಏನೂ ಹೇಳಲಿಲ್ಲ. ಕಣ್ಣು ಮುಚ್ಚಿದ್ದಳು. ಟಿನ್ ಫ್ಯಾಕ್ಟರಿ ಹತ್ತಿರ ಮೊದಲ ಸಲ ನಾನೇ ಬಗ್ಗಿ, "ಅಮ್ಮ, ಕಲ್ಲಂಗಡಿ ರಾಶಿ ಹಾಕವ್ರೆ," ಅಂದೆ.

"ಹ್ಞೂಂ. ಹೇಳ್ತಾ ಇರು."

ಅಜ್ಜಿ ಮನೆ ಬರುವವರೆಗೂ ಹೇಳಿದೆ. ಹೆದರಿಕೆಗೆ, ಕಾಣದ್ದನ್ನೂ ಸೇರಿಸಿ ಹೇಳಿದೆ. ಮುಂದಿನ ಭಾನುವಾರಕ್ಕೆ ಅವಳಿರಲಿಲ್ಲ.

ಅಪ್ಪ ಆ ಕಿಟಕಿಗಳನ್ನು ಸರಿಪಡಿಸಲೇ ಇಲ್ಲ. ಈ ವರ್ಷ ಅವರೂ ಹೋದರು. ಗಾಡಿ ಕೆಡದಿರಲೆಂದು ಭಾನುವಾರ ಬೆಳಗ್ಗೆ ಅದೇ ರಸ್ತೆಯಲ್ಲಿ ಒಬ್ಬಳೇ ಓಡಿಸಿಕೊಂಡು ಹೋಗಿಬರುತ್ತೇನೆ. ಮುಂದಿನ ಗಾಜಿನಲ್ಲಿ ಮೆಟ್ರೋ ಕಂಬ, ಬಸ್ಸು, ಓಡುವ ಜನ, ಎಲ್ಲವೂ ಚೆನ್ನಾಗಿ ಕಾಣುತ್ತದೆ. ಮನೆಗೆ ಬಂದು ಬೀಗ ತೆಗೆಯುವ ಹೊತ್ತಿಗೆ, ನೋಡಿದ್ದು ಒಂದೂ ನೆನಪಿರುವುದಿಲ್ಲ.