ಹತ್ತಿರದ ಆರ್ಡರು

ಇವತ್ತು ಬೆಳಿಗ್ಗೆ ಪಕ್ಕದ ಮನೆಗೆ ಬಂದ ಪಾರ್ಸೆಲ್ಲಿನ ಸಾಂಬಾರಿನ ವಾಸನೆ ನಮ್ಮ ಜಗುಲಿಗೂ ಬಂತು. ಪ್ಲಾಸ್ಟಿಕ್ ಡಬ್ಬಿಯೊಳಗೆ ಬೆವೆತ ಸಾಂಬಾರಿಗೆ ಹೋಟೆಲಿನಲ್ಲಿ ಕೂತು ತಿನ್ನುವಾಗ ಇಲ್ಲದ ಒಂದು ಘಾಟು ಇರುತ್ತದೆ, ನೀವೂ ಗಮನಿಸಿರಬಹುದು. ಅದು ಮೂಗಿಗೆ ಬಿದ್ದರೆ ನನಗೆ ನಂಜನಗೂಡಿನ ನಾಗರತ್ನಮ್ಮ ನೆನಪಾಗುತ್ತಾರೆ.

ಕೆಲವು ವರ್ಷಗಳ ಹಿಂದೆ ಅಲ್ಲಿ ಮನೆಮನೆಗೆ ಊಟ ತಲುಪಿಸುವ ಸಣ್ಣ ಸಂಸ್ಥೆಯೊಂದರಲ್ಲಿ ನಾನು ಆರ್ಡರು ಹಂಚುತ್ತಿದ್ದೆ. ಗಾಡಿ ಓಡಿಸುವವರು ಆರು ಜನ. ಫ್ಯಾನಿನ ಕೆಳಗೆ ಕೂತು, ಗೋಡೆಯ ಮೇಲಿನ ಊರಿನ ನಕ್ಷೆ ನೋಡಿ, ಯಾವುದು ಯಾರಿಗೆ ಎಂದು ಫೋನಿನಲ್ಲಿ ಹೇಳುವುದು ನನ್ನ ಕೆಲಸ. ಧರ್ಮರಾಯನೇ ಬಂದು ಕೂತಿದ್ದರೂ ಇಷ್ಟು ಸರಿಯಾಗಿ ಹಂಚಲಾರ ಎಂದು ನನ್ನ ಬಗ್ಗೆ ನನಗೆ ಭಾರೀ ಹೆಮ್ಮೆ.

ಆರು ಜನರಲ್ಲಿ ನಾಗರತ್ನಮ್ಮ ಒಬ್ಬರೇ ಹೆಂಗಸು. ಚಿಕ್ಕಯ್ಯನಛತ್ರದ ಕಡೆಯವರು, ಗಾರ್ಮೆಂಟ್ಸ್ ಬಿಟ್ಟು ಸ್ಕೂಟರ್ ಹಿಡಿದವರು. ಹೆಣ್ಣುಮಗಳು ಬಿಸಿಲಲ್ಲಿ ದೂರ ಯಾಕೆ ಹೋಗಬೇಕು ಎಂದು ನಾನು ಅವರಿಗೆ ಊರೊಳಗಿನವನ್ನೇ ಕೊಡುತ್ತಿದ್ದೆ. ಹೆದ್ದಾರಿಯ ಕಡೆಯವೆಲ್ಲ ಸಿದ್ದರಾಜುವಿಗೆ. ಕೂಲಿ ಕಿಲೋಮೀಟರಿನ ಮೇಲೆ ಎಂಬುದು ನನಗೆ ತಿಳಿಯದ್ದೇನಲ್ಲ. ಆದರೆ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡವನಿಗೆ ಇಂಥವೆಲ್ಲ ಕಣ್ಣಿಗೆ ಬೀಳುವುದಿಲ್ಲ.

ಒಂದು ಮಧ್ಯಾಹ್ನ ಅವರು ಹೆಲ್ಮೆಟ್ಟನ್ನು ನನ್ನ ಮೇಜಿನ ಮೇಲಿಟ್ಟರು.

“ನಾಳಿಂದ ನಾ ಬರಾಕಿಲ್ಲ ಸಾ.”

“ಯಾಕಮ್ಮ? ಹತ್ತಿರದ್ದೇ ಕೊಡ್ತಿದ್ದೀನಲ್ಲ!”

“ಅದಕ್ಕೇ ಕಣ್ ಸಾ. ನಿಮ್ಗೆ ಅತ್ರ ಅನ್ನೋದು ಆ ಗ್ವಾಡೆ ಮ್ಯಾಲೆ. ಒಂದಿನ ನೀವೇ ಓಡ್ಸಿ, ನಾ ಇಲ್ಲಿ ಕೂತ್ಕತೀನಿ. ಆಮ್ಯಾಕೂ ಸಲೀಸು ಅನ್ಸುದ್ರೆ ಬಾಯ್ ಮುಚ್ಕಂಡು ಮಾಡ್ತೀನಿ.”

ಬಾಗಿಲಲ್ಲಿ ನಿಂತಿದ್ದ ಸಿದ್ದರಾಜು ಕಿಸಕ್ಕನೆ ನಕ್ಕ. ನಾನು ಒಪ್ಪಿದ್ದು ಮುಕ್ಕಾಲು ಪಾಲು ಆ ನಗುವಿನಿಂದಾಗಿ.

ಮರುದಿನ ಸಿಕ್ಕ ಮೊದಲ ಆರ್ಡರು ನಕ್ಷೆಯಲ್ಲಿ ಒಂದು ಗೇಣೂ ಇರಲಿಲ್ಲ. ಹೋಟೆಲಿಗೆ ಹೋದರೆ ದೋಸೆ ಇನ್ನೂ ಹೆಂಚಿಗೇ ಬಿದ್ದಿಲ್ಲ. ಫೋನಿನಲ್ಲಿ ನನ್ನನ್ನು ಬಾಯ್ತುಂಬ ಸರ್ ಎನ್ನುತ್ತಿದ್ದ ಕ್ಯಾಶಿಯರು ಮುಖ ನೋಡದೆ, “ಅತ್ಲಾಗ್ ನಿಂತ್ಕಳಪ್ಪ” ಅಂದ. ಪಾರ್ಸೆಲ್ ಹಿಡಿದು ಹೊರಟರೆ ರೈಲ್ವೆ ಗೇಟು ಬಿತ್ತು. ಗೂಡ್ಸ್ ಗಾಡಿ ತೆವಳಿಕೊಂಡು ಹೋಯಿತು. ಆಚೆ ಮೂರನೇ ಮಹಡಿ, ಲಿಫ್ಟಿಲ್ಲ. ಬಾಗಿಲು ತೆರೆದವರು ಪೊಟ್ಟಣ ಮುಟ್ಟಿ ನೋಡಿ, “ಆರಿ ಹೋಗಿದೆಯಲ್ರೀ” ಎಂದು ಕದ ಹಾಕಿಕೊಂಡರು. ಮೂರು ಗಂಟೆಯ ಹೊತ್ತಿಗೆ ಇಂಥವು ನಾಲ್ಕಾದವು.

ನೆರಳಲ್ಲಿ ನಿಂತು ನೀರಿನ ಬಾಟಲಿ ಬಾಯಿಗಿಟ್ಟಾಗ, ನಾಗರತ್ನಮ್ಮ ಕೆಲಸದ ಹೊತ್ತಿನಲ್ಲಿ ನೀರು ಕುಡಿದದ್ದನ್ನೇ ನಾನು ಕಂಡಿಲ್ಲವೆಂಬುದು ಹೊಳೆಯಿತು. ನಾನಾದರೆ ಯಾವುದಾದರೂ ಗೋಡೆಯ ಮರೆಗೆ ಹೋದೇನು. ಅವರು ಎಲ್ಲಿಗೆ ಹೋಗಬೇಕು? ಹೆದ್ದಾರಿಯಲ್ಲಾದರೆ ಪೆಟ್ರೋಲ್ ಬಂಕುಗಳಾದರೂ ಇವೆ. ಆ ದಾರಿಯನ್ನು ನಾನು ಅವರಿಗೆ ಕೊಟ್ಟೇ ಇರಲಿಲ್ಲ.

ವಾಪಸು ಬಂದಾಗ ಸಿದ್ದರಾಜು ಮುಖ ಊದಿಸಿಕೊಂಡು ಕೂತಿದ್ದ. “ಅಕ್ಕ ನಂಗೂ ಗೇಟಾಚೆದು ಕೊಟ್ಟವ್ಳೆ ಸಾ.”

“ಎಲ್ರಿಗೂ ಒಂದು ದೂರ, ಒಂದು ಅತ್ರ ಕಣ್ಲಾ,” ಅಂದರು ನಾಗರತ್ನಮ್ಮ.

“ನನಗೆ ಮಾತ್ರ ಎಲ್ಲ ಹತ್ತಿರದ್ದೇ ಬಂತಲ್ಲಮ್ಮ?”

“ನಂಗೆ ನೀವು ಕೊಡೋದ್ನೇ ಕೊಟ್ಟೆ ಸಾ.”

“ತಪ್ಪಾಯ್ತಮ್ಮ” ಅನ್ನುವಷ್ಟರಲ್ಲಿ ಮೂರು ಸಲ ಗಂಟಲು ಸರಿಮಾಡಿಕೊಂಡೆ.

ಅವರ ಪದ್ಧತಿಯೇ ಉಳಿಯಿತು, ಅವರೂ ಉಳಿದರು. ಕಾಯುವ ಹೊತ್ತಿಗೂ ಕೂಲಿ ಸೇರಿಸುವಂತೆ ಯಜಮಾನರನ್ನು ಒಪ್ಪಿಸಲು ನನಗೆ ಎರಡು ತಿಂಗಳು ಹಿಡಿಯಿತು. ಸಿದ್ದರಾಜು ಅಷ್ಟು ದಿನವೂ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಅವನ ಮುನಿಸು ಸುಳ್ಳೆಂದು ಹೇಗೆ ಹೇಳಲಿ? ಅವನ ದೂರದ ಆರ್ಡರುಗಳು ನಿಜಕ್ಕೂ ಕಡಿಮೆಯಾಗಿದ್ದವು.

ಈಗ ನಾನು ತಿರುಮಕೂಡಲು ನರಸೀಪುರದಲ್ಲಿ ಇಂಥದೇ ಇನ್ನೊಂದು ಸಂಸ್ಥೆಯಲ್ಲಿದ್ದೇನೆ. ಇಲ್ಲಿ ಆರ್ಡರು ಹಂಚುವುದು ಮನುಷ್ಯರಲ್ಲ, ಫೋನಿನೊಳಗಿನ ಆ್ಯಪ್. ಯಾರು ಹತ್ತಿರವಿದ್ದಾರೋ ಅವರಿಗೆ. ಅದರ ನಿಯಮ ಬದಲಿಸಬೇಕೆಂದು ಇಲ್ಲಿನ ಯಜಮಾನರು ಸಲಹೆ ಕೇಳಿದ್ದಾರೆ. ಮೊದಲು ಒಂದು ವಾರ ನಾನೇ ಓಡಿಸಿ ನೋಡುತ್ತೇನೆ ಅಂದದ್ದಕ್ಕೆ, “ಈ ವಯಸ್ಸಲ್ಲಾ?” ಎಂದು ನಕ್ಕರು. ನಾಳೆಯಿಂದ ಶುರು. ಈಗಷ್ಟೇ ನಾಗರತ್ನಮ್ಮನಿಗೆ ಫೋನು ಮಾಡಿ ಹೇಳಿದೆ. ಅವರು ನಗಲಿಲ್ಲ.

“ಮಧ್ಯಾನದ ಒತ್ನಲ್ಲಿ ಓಗಿ ಸಾ,” ಅಂದರು. “ಬೆಳಗೆ ಎಲ್ಲಾ ದಾರಿನೂ ಸಲೀಸಾಗೇ ಕಾಣ್ತದೆ.”